ಬ್ಯಾಂಕು ಹಿಡಿದುಕೊಂಡ ಹಣ: ‘ಯಾವ ನಿಯಮದಂತೆ?’ ಎಂದು ಕೇಳಿ



2024ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರವು ಸಂಸತ್ತಿನ ಮುಂದೆ ಒಂದು ಲೆಕ್ಕವನ್ನಿಟ್ಟಿತು. ಉಳಿತಾಯ ಖಾತೆಯಲ್ಲಿ ಕನಿಷ್ಠ ಮೊತ್ತ ನಿಲ್ಲಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಸರ್ಕಾರಿ ಬ್ಯಾಂಕುಗಳು ಐದು ವರ್ಷಗಳಲ್ಲಿ ಸುಮಾರು 8,500 ಕೋಟಿ ರೂಪಾಯಿ ದಂಡ ವಸೂಲು ಮಾಡಿದ್ದವು. ಇದು ಯಾರ ಹಣ ಎಂದು ಯೋಚಿಸಿ. ಲಕ್ಷಗಟ್ಟಲೆ ಇಟ್ಟವರದ್ದಲ್ಲ, ಸಾವಿರ ರೂಪಾಯಿ ನಿಲ್ಲಿಸಲಾಗದವರದ್ದು. ಸ್ಟೇಟ್ ಬ್ಯಾಂಕು 2020ರಲ್ಲಿಯೇ ಈ ದಂಡವನ್ನು ಕೈಬಿಟ್ಟಿತ್ತು. 2025ರ ಜೂನ್ 1ರಿಂದ ಕೆನರಾ ಬ್ಯಾಂಕು ಎಲ್ಲ ಉಳಿತಾಯ ಖಾತೆಗಳಿಗೂ ಅದನ್ನು ತೆಗೆದುಹಾಕಿತು. ಮತ್ತೆ ಕೆಲವು ಸರ್ಕಾರಿ ಬ್ಯಾಂಕುಗಳು ಅದೇ ದಾರಿ ಹಿಡಿದವು.

ಸಂತೋಷದ ಸಂಗತಿಯೇ ಸರಿ. ಆದರೆ ಮುಂದೆ ದಂಡ ಹಾಕುವುದಿಲ್ಲವೆಂದರೆ ಹಿಂದೆ ಹಿಡಿದದ್ದು ತಾನಾಗಿ ವಾಪಸು ಬಂದಂತಲ್ಲ. ಅಲ್ಲದೆ ಉಳಿತಾಯ ಖಾತೆಯಲ್ಲಿ ಹೋಗುವುದು ನೂರಿನ್ನೂರು. ಸಾಲದ ಖಾತೆಯಲ್ಲಿ ಹೋಗುವುದು ಸಾವಿರಗಳು. ಅದನ್ನು ನಮ್ಮವರು ನೋಡುವುದೇ ಇಲ್ಲ.

ಸೋಲೂರು ಹೋಬಳಿಯ ಮಾತನ್ನೇ ತೆಗೆದುಕೊಳ್ಳಿ. ಹಾಲಿನ ಬಟವಾಡೆ ಬ್ಯಾಂಕಿಗೆ, ಲೀಟರಿಗೆ 5 ರೂಪಾಯಿಯ ಪ್ರೋತ್ಸಾಹಧನ ಬ್ಯಾಂಕಿಗೆ, ಬೆಂಬಲ ಬೆಲೆಗೆ ಕೊಟ್ಟ ರಾಗಿಯ ಹಣ ಬ್ಯಾಂಕಿಗೆ, ಕಿಸಾನ್ ಸಮ್ಮಾನ್‌ನ ಎರಡೆರಡು ಸಾವಿರವೂ ಬ್ಯಾಂಕಿಗೆ. ಹಿಂದೆ ಕೈಗೆ ಬಂದ ನೋಟನ್ನು ಎಣಿಸಿ ಪಂಚೆಯ ಗಂಟಿಗೆ ಕಟ್ಟುತ್ತಿದ್ದವರು ಈಗ ಮೊಬೈಲಿನಲ್ಲಿ ಬರುವ ಒಂದು ಸಾಲಿನ ಸಂದೇಶವನ್ನು ನಂಬಬೇಕಾಗಿದೆ. ರೈತ ಸಂಪರ್ಕ ಕೇಂದ್ರಕ್ಕೆ ಬಿತ್ತನೆ ಬೀಜಕ್ಕೆಂದು ಬರುವವರು ಪಾಸ್ ಪುಸ್ತಕ ತೋರಿಸಿ, ‘ಸಾರ್, ಇದೇನು 590 ಹೋಗಿದೆ?’ ಎಂದು ಕೇಳುವುದುಂಟು. ನಾನು ಓದಿದ್ದು ಬೇಸಾಯದ ವಿದ್ಯೆ. ಬ್ಯಾಂಕಿನವನೂ ಅಲ್ಲ, ವಕೀಲನೂ ಅಲ್ಲ. ಆದರೂ ಮತ್ತೆ ಮತ್ತೆ ಕೇಳಿಸಿಕೊಂಡ ಮೇಲೆ ನಿಯಮಗಳನ್ನು ಹುಡುಕಿ ಓದಿದೆ. ಓದಿದ ಮೇಲೆ ಗೊತ್ತಾದ ಮುಖ್ಯ ಸಂಗತಿಯೆಂದರೆ, ನಾವು ಕೇಳುವ ಪ್ರಶ್ನೆಯೇ ತಪ್ಪು.

‘ಹೆಚ್ಚಾಯಿತು’ ಎಂದರೆ ಸಾಲದು

ಬ್ಯಾಂಕಿಗೆ ಹೋದವರು ಸಾಮಾನ್ಯವಾಗಿ ಏನು ಹೇಳುತ್ತಾರೆ? ‘ಸ್ವಾಮಿ, ಬಡ್ಡಿ ಬಹಳ ಆಯಿತು, ಬಡವರು, ಸ್ವಲ್ಪ ಕಡಿಮೆ ಮಾಡಿ.’ ಇದು ಬೇಡುವ ಮಾತು. ಬೇಡಿದವನಿಗೆ ಕೊಡುವುದೂ ಬಿಡುವುದೂ ಕೊಡುವವನ ಇಷ್ಟ. ಕಾನೂನಿನ ಮುಂದೆಯೂ ಈ ವಾದ ನಿಲ್ಲುವುದಿಲ್ಲ. 1984ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಗೆ 21-ಎ ಎಂಬ ಕಲಮನ್ನು ಸೇರಿಸಿದರು. ಬಡ್ಡಿಯ ದರ ಅತಿಯಾಯಿತು ಎಂಬ ಕಾರಣಕ್ಕೆ ಮಾತ್ರ ನ್ಯಾಯಾಲಯಗಳು ಬ್ಯಾಂಕಿನ ಲೆಕ್ಕವನ್ನು ಬಿಚ್ಚಿ ನೋಡಕೂಡದು ಎಂಬುದು ಅದರ ಸಾರಾಂಶ.

ಇಂಗ್ಲೆಂಡಿನಲ್ಲಿಯೂ ಇಂಥದೇ ಒಂದು ಕಥೆ ನಡೆದಿದೆ. ಅಲ್ಲಿನ ಬ್ಯಾಂಕುಗಳು ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆದವರ ಮೇಲೆ ಭಾರಿ ಶುಲ್ಕ ಹೇರುತ್ತಿದ್ದವು. 2006ರಿಂದೀಚೆಗೆ ಜನ ಸುಮ್ಮನಿರಲಿಲ್ಲ. ಬ್ಯಾಂಕಿಗೆ ಪತ್ರ ಬರೆದು, ಕೋರ್ಟಿಗೆ ಹೋಗುವುದಾಗಿ ತಿಳಿಸಿ, ಬಹಳ ಮಂದಿ ಹಣ ವಾಪಸು ಪಡೆದರು. ಕೊನೆಗೆ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2009ರ ನವೆಂಬರ್ 25ರಂದು ತೀರ್ಪು ಬ್ಯಾಂಕುಗಳ ಪರವಾಯಿತು. ಆ ಶುಲ್ಕವೂ ಬ್ಯಾಂಕಿನ ಸೇವೆಗೆ ಕೊಡುವ ಬೆಲೆಯ ಒಂದು ಭಾಗ, ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ಗ್ರಾಹಕ ನಿಯಮದ ಆ ಕಲಮಿನಡಿ ತೂಗಲಾಗದು ಎಂದರು. ‘ಹೆಚ್ಚಾಯಿತು’ ಎಂಬ ವಾದ ಅಲ್ಲಿಯೂ ಸೋತಿತು.

ನಮ್ಮ ರೈತರ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದು ಒಂದಿದೆ. ಅದು ರಿಸರ್ವ್ ಬ್ಯಾಂಕು ಬರೆದಿಟ್ಟಿರುವ ನಿಯಮ. ಆ ನಿಯಮ ಬ್ಯಾಂಕನ್ನು ಕಟ್ಟಿಹಾಕುತ್ತದೆ ಎಂಬುದನ್ನು ಸ್ಥಿರಪಡಿಸಿಕೊಟ್ಟ ಮೊಕದ್ದಮೆಗಳಲ್ಲಿ ನಮ್ಮ ಕರ್ನಾಟಕದ್ದು ದೊಡ್ಡ ಪಾಲು.

ಕರ್ನಾಟಕದಿಂದ ಹೋದ ಮೊಕದ್ದಮೆ

ವಿಷಯ ಚಕ್ರಬಡ್ಡಿಯದು. ವ್ಯಾಪಾರಿಯ ಸಾಲಕ್ಕೆ ಬ್ಯಾಂಕು ಮೂರು ತಿಂಗಳಿಗೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಿತ್ತು. ವ್ಯಾಪಾರಿಗೆ ದಿನವೂ ಹಣ ಬರುತ್ತದೆ, ಕಟ್ಟಬಲ್ಲ. ರಾಗಿ ಬೆಳೆಯುವವನಿಗೆ ಆಷಾಢದಲ್ಲಿ ಬಿತ್ತಿದ್ದು ಕಣಕ್ಕೆ ಬರಬೇಕಾದರೆ ಕಾರ್ತಿಕ, ಮಾರ್ಗಶಿರ ಆಗಬೇಕು. ನಡುವೆ ಎರಡು ಸಲ ಬಡ್ಡಿ ಅಸಲಾಗಿಬಿಟ್ಟರೆ ಅವನು ಯಾವುದರಿಂದ ಕಟ್ಟಬೇಕು? ಇದನ್ನು ರಿಸರ್ವ್ ಬ್ಯಾಂಕು 1978ರಲ್ಲಿಯೇ ಒಪ್ಪಿಕೊಂಡಿತ್ತು. ಬೆಳೆ ಮಾರಿದ ಹಣದ ಹೊರತು ರೈತನಿಗೆ ಬೇರೆ ಕ್ರಮವಾದ ಆದಾಯವಿಲ್ಲ, ಆದುದರಿಂದ ವಾಯಿದೆ ಬಾರದ ಬೆಳೆಸಾಲದ ಮೇಲೆ, ಇನ್ನೂ ಗಡುವು ಬಾರದ ಕಂತುಗಳ ಮೇಲೆ ಚಕ್ರಬಡ್ಡಿ ಹಾಕಬಾರದು ಎಂದು ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು.

ಸುತ್ತೋಲೆ ಕಡತದಲ್ಲಿ, ಚಕ್ರಬಡ್ಡಿ ಲೆಡ್ಜರಿನಲ್ಲಿ; ಎರಡೂ ಅಕ್ಕಪಕ್ಕ ಸುಖವಾಗಿದ್ದವು. 1980ರ ದಶಕದಲ್ಲಿ ನಮ್ಮ ರಾಜ್ಯದ ಸಾಲಗಾರರ ಮೊಕದ್ದಮೆಗಳು ಕರ್ನಾಟಕ ಉಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಾಲಯ ಈ ಸುತ್ತೋಲೆಗಳನ್ನು ಹೊರತೆಗೆಸಿ ಓದಿತು. ಅಲ್ಲಿಂದ ಕಾರ್ಪೊರೇಷನ್ ಬ್ಯಾಂಕಿನ ಮೇಲ್ಮನವಿ ಸುಪ್ರೀಂ ಕೋರ್ಟಿಗೆ ಹೋಗಿ 1994ರಲ್ಲಿ ತೀರ್ಮಾನವಾಯಿತು. ಬ್ಯಾಂಕುಗಳಿಗೆ ಅನುಕೂಲವಾದ ಮಾತುಗಳೂ ಆ ತೀರ್ಪಿನಲ್ಲಿದ್ದವು. ಆದರೆ ಕೃಷಿ ಸಾಲದ ಮಟ್ಟಿಗೆ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಹಾಕುವ ಅಧಿಕಾರವಿಲ್ಲವೆಂದೂ, ರಿಸರ್ವ್ ಬ್ಯಾಂಕಿನ ಮಿತಿಯನ್ನು ಮೀರಿ ವಸೂಲು ಮಾಡಿದ್ದರೆ 21-ಎ ಕಲಮು ಬ್ಯಾಂಕಿನ ರಕ್ಷಣೆಗೆ ಬಾರದೆಂದೂ ಅದು ಸ್ಪಷ್ಟಪಡಿಸಿತು. ಏಳು ವರ್ಷದ ನಂತರ, 2001ರ ಅಕ್ಟೋಬರ್ 18ರಂದು, ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ಮತ್ತಷ್ಟು ಗಟ್ಟಿಮಾಡಿತು. ರಿಸರ್ವ್ ಬ್ಯಾಂಕಿನ ನಿರ್ದೇಶನಗಳು ಬ್ಯಾಂಕುಗಳಿಗೆ ಬಂಧನಕಾರಿ. ಕೃಷಿ ಸಾಲಕ್ಕೆ ತಿಂಗಳ ಅಥವಾ ಮೂರು ತಿಂಗಳ ಚಕ್ರಬಡ್ಡಿ ಇಲ್ಲ. ಸೇರಿಸುವುದಾದರೆ ವರ್ಷಕ್ಕೊಮ್ಮೆ, ಅದೂ ಸುಗ್ಗಿಯ ಕಾಲಕ್ಕೆ ಹೊಂದಿಕೊಂಡು, ಸುಸ್ತಿಯಾದ ಬಾಕಿಗೆ ಮಾತ್ರ.

ಲೆಕ್ಕ ಮಾಡಿ ನೋಡೋಣ. ಹಿಪ್ಪುನೇರಳೆ ತೋಟಕ್ಕೋ ಹುಳುಮನೆಗೋ ಒಬ್ಬರು ಶೇ. 12ರ ಬಡ್ಡಿಯಲ್ಲಿ ಒಂದು ಲಕ್ಷ ಸಾಲ ತೆಗೆದರು, ಮೊದಲ ಎರಡು ವರ್ಷ ಕಂತಿಲ್ಲ ಎಂದಿಟ್ಟುಕೊಳ್ಳಿ. ಗಡುವೇ ಬಾರದ ಈ ಎರಡು ವರ್ಷಕ್ಕೆ ಸರಳ ಬಡ್ಡಿ 24,000 ರೂಪಾಯಿ. ಮೂರು ತಿಂಗಳಿಗೊಮ್ಮೆ ಅಸಲಿಗೆ ಸೇರಿಸಿದರೆ 26,677. ನೀವು ಒಂದು ಕಂತನ್ನೂ ತಪ್ಪಿಸದೆ 2,677 ರೂಪಾಯಿ ಹೆಚ್ಚು ತೆತ್ತಿರಿ. ಅದಕ್ಕೂ ಮುಂದೆ ಬಡ್ಡಿ ಬೆಳೆಯುತ್ತದೆ. ಐದು ವರ್ಷ ಏನೂ ಕಟ್ಟದೆ ಬಿಟ್ಟ ಖಾತೆಯಾದರೆ ಸರಳ ಬಡ್ಡಿಯಲ್ಲಿ 1,60,000 ಆಗುವುದು ಮೂರು ತಿಂಗಳ ಚಕ್ರಬಡ್ಡಿಯಲ್ಲಿ 1,80,611 ಆಗುತ್ತದೆ.

ಇನ್ನೊಂದು ನಿಯಮ ಇದಕ್ಕಿಂತ ದೊಡ್ಡದು, ಆದರೆ ಇದನ್ನು ತಿಳಿದ ರೈತರನ್ನು ನಾನು ಕಂಡದ್ದು ಕಡಿಮೆ. ಸಣ್ಣ ಮತ್ತು ಅತಿಸಣ್ಣ ರೈತರಿಗೆ ಕೊಟ್ಟ ಅಲ್ಪಾವಧಿ ಸಾಲದಲ್ಲಿ, ಖಾತೆಗೆ ಹಾಕಿದ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. 2016ರಲ್ಲಿ ಬಡ್ಡಿ ದರದ ನಿಯಮಗಳನ್ನೆಲ್ಲ ಒಂದುಗೂಡಿಸಿದಾಗಲೂ ಇದು ಅದರಲ್ಲಿ ಸೇರಿತು. 5 ಎಕರೆ ಮತ್ತು ಅದಕ್ಕಿಂತ ಕಡಿಮೆ ಭೂಮಿಯವರನ್ನು ಈ ಗುಂಪಿಗೆ ಸೇರಿಸಿದೆ. ಅಂದರೆ 50,000 ರೂಪಾಯಿಯ ಹಳೆಯ ಬೆಳೆಸಾಲಕ್ಕೆ ಬಡ್ಡಿಯೇ 50,000 ದಾಟಿದ್ದರೆ ದಾಟಿದ ಭಾಗವನ್ನು ಪ್ರಶ್ನಿಸಬಹುದು. ಮುಂಬಯಿ ಪ್ರಾಂತದ ಕಡೆ ಹಿಂದೆ ದಾಮದುಪಟ್ಟು ಎನ್ನುತ್ತಿದ್ದ ಪದ್ಧತಿಯ ನ್ಯಾಯವೇ ಇದು. ನಮ್ಮ ಹೋಬಳಿಯಲ್ಲಿ 5 ಎಕರೆ ದಾಟಿದವರು ಎಷ್ಟು ಮಂದಿ?

ಖಾತೆಯಲ್ಲಿ ಏನೇನು ನೋಡಬೇಕು

ಮೊದಲು ಸುಸ್ತಿಬಡ್ಡಿ. ಕಂತು ತಪ್ಪಿದಾಗ ದರದ ಮೇಲೆ ಶೇ. 2 ಹೆಚ್ಚು ಬಡ್ಡಿ ಹಾಕುವುದು ಹಳೆಯ ರೂಢಿ. 2023ರ ಆಗಸ್ಟ್ 18ರ ಸುತ್ತೋಲೆಯಿಂದ ರಿಸರ್ವ್ ಬ್ಯಾಂಕು ಇದನ್ನು ನಿಲ್ಲಿಸಿತು. ತಪ್ಪಿಗೆ ದಂಡಶುಲ್ಕ ಹಾಕಬಹುದು, ಆದರೆ ಅದನ್ನು ಬಡ್ಡಿದರಕ್ಕೆ ಕೂಡಿಸುವಂತಿಲ್ಲ, ಆ ದಂಡದ ಮೇಲೆ ಮತ್ತೆ ಬಡ್ಡಿ ಬೆಳೆಸುವಂತಿಲ್ಲ. ಹೊಸ ಸಾಲಗಳಿಗೆ 2024ರ ಏಪ್ರಿಲ್ 1ರಿಂದ, ಹಳೆಯ ಸಾಲಗಳಿಗೆ ತಡವಾದರೆ 2024ರ ಜೂನ್ 30ರಿಂದ ಇದು ಜಾರಿಗೆ ಬಂದಿದೆ. ಆ ತಾರೀಖಿನ ನಂತರವೂ ನಿಮ್ಮ ಖಾತೆಯಲ್ಲಿ ದರಕ್ಕೆ ಕೂಡಿಸಿದ ಸುಸ್ತಿಬಡ್ಡಿ ಕಂಡರೆ ಪೆನ್ಸಿಲಿನಿಂದ ಗುರುತು ಹಾಕಿ.

ತಪಾಸಣಾ ಶುಲ್ಕ, ದಾಖಲೆ ಶುಲ್ಕ, ಲೆಡ್ಜರ್ ಪುಟದ ಶುಲ್ಕ ಎಂದು ಬರೆದಿರುವುದನ್ನೂ ನೋಡಿ. ಆದ್ಯತಾ ವಲಯದ ಸಣ್ಣ ಸಾಲಗಳ ಮೇಲೆ ಇಂಥ ಶುಲ್ಕ ಹಾಕಕೂಡದೆಂಬ ನಿಯಮ ಮೊದಲಿನಿಂದ ಇದೆ. ಅದರ ಮಿತಿ 25,000 ಇದ್ದದ್ದು 2025ರ ಏಪ್ರಿಲ್ 1ರಿಂದ 50,000 ರೂಪಾಯಿಗೆ ಏರಿತು. ಕಿಸಾನ್ ಕ್ರೆಡಿಟ್ ಕಾರ್ಡಿನ 3 ಲಕ್ಷದವರೆಗಿನ ಸಾಲಕ್ಕೂ ಈ ಶುಲ್ಕಗಳನ್ನು ಬಿಡುವಂತೆ ಕೇಂದ್ರ ಸರ್ಕಾರ ಮತ್ತು ಬ್ಯಾಂಕುಗಳ ಸಂಘ 2019ರಲ್ಲಿ ಎಲ್ಲ ಬ್ಯಾಂಕುಗಳಿಗೆ ಸಲಹೆ ಕೊಟ್ಟವು. ಇದು ಸಲಹೆ, ಮೊದಲಿನದು ಆದೇಶ, ವ್ಯತ್ಯಾಸ ನೆನಪಿರಲಿ.

ಬರಬೇಕಾಗಿ ಬಾರದ ಹಣವೂ ಹೋದ ಹಣವೇ. ಕಿಸಾನ್ ಕಾರ್ಡಿನ ಬೆಳೆಸಾಲಕ್ಕೆ ಬಡ್ಡಿ ಶೇ. 7; ವಾಯಿದೆಯೊಳಗೆ ತೀರಿಸಿದವರಿಗೆ ಶೇ. 3 ರಿಯಾಯಿತಿ. ಲಕ್ಷಕ್ಕೆ 3,000 ರೂಪಾಯಿ. ಅದು ನಿಮ್ಮ ಖಾತೆಗೆ ಜಮಾ ಆಗಿದೆಯೇ ಎಂದು ನೋಡಿದವರು ಎಷ್ಟು ಜನ? ಇಲ್ಲಿ ನಮ್ಮವರ ಕಡೆಯ ಮಾತನ್ನೂ ಹೇಳಬೇಕು. ವಾಯಿದೆ ಒಂದು ದಿನ ತಪ್ಪಿದರೂ ಈ ರಿಯಾಯಿತಿ ಹೋಯಿತು. ಸಹಕಾರ ಸಂಘದ ಬಡ್ಡಿಯಿಲ್ಲದ ಸಾಲವೂ ಹಾಗೆಯೇ. ಅದರ ಮಿತಿಯನ್ನು 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು, ಗಡುವನ್ನು ಸಡಿಲಿಸಲಿಲ್ಲ. ಬ್ಯಾಂಕಿನ ಅನ್ಯಾಯದ ಶುಲ್ಕಕ್ಕಿಂತ ಮರೆತ ತಾರೀಖಿನಿಂದ ಹಣ ಕಳೆದುಕೊಂಡವರನ್ನೇ ನಾನು ಹೆಚ್ಚು ನೋಡಿದ್ದೇನೆ. ಕ್ಯಾಲೆಂಡರಿನಲ್ಲಿ ಹಬ್ಬಕ್ಕೆ ಗುರುತು ಹಾಕುವ ಕೈ ವಾಯಿದೆಗೂ ಒಂದು ಗುರುತು ಹಾಕಲಿ.

ವಿಮೆಯ ಕಂತು ಇನ್ನೊಂದು. ಅಪಘಾತ ವಿಮೆಗೆ ವರ್ಷಕ್ಕೆ 20, ಜೀವನ ಜ್ಯೋತಿಗೆ 436 ರೂಪಾಯಿ ಕಡಿಯುತ್ತಾರೆ. ಎರಡೂ ಒಳ್ಳೆಯ ಯೋಜನೆಗಳೇ, ಬೇಡವೆನ್ನುತ್ತಿಲ್ಲ. ಆದರೆ ನಿಮ್ಮ ಒಪ್ಪಿಗೆಯ ಸಹಿಯಿಲ್ಲದೆ ಕಡಿಯುವಂತಿಲ್ಲ. ಬೆಳೆವಿಮೆಯು 2020ರ ಮುಂಗಾರಿನಿಂದ ಸಾಲಗಾರ ರೈತರಿಗೂ ಐಚ್ಛಿಕ. ಬೇಡವಾದವರು ನೋಂದಣಿಯ ಕೊನೆಯ ದಿನಕ್ಕೆ ಏಳು ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು, ಕೊಡದಿದ್ದರೆ ಕಡಿತ ಸರಿಯೇ. ಇಲ್ಲಿ ದೊಡ್ಡ ನಷ್ಟ ಬೇರೆ ಕಡೆ ಇದೆ. ಕಂತು ಕಡಿದುಕೊಂಡ ಬ್ಯಾಂಕು ನಿಮ್ಮ ಹೆಸರನ್ನು ವಿಮೆಯ ದಾಖಲೆಗೆ ಏರಿಸದೆ ಬಿಟ್ಟರೆ, ಬೆಳೆ ಒಣಗಿದ ವರ್ಷ ಪರಿಹಾರ ಬಾರದು. ಅಂಥ ತಪ್ಪಿಗೆ ಬ್ಯಾಂಕೇ ಹೊಣೆ ಎಂದು ಯೋಜನೆಯ ನಿಯಮ ಹೇಳುತ್ತದೆ. ಆದುದರಿಂದ ಕಂತು ಹೋದ ತಿಂಗಳಲ್ಲೇ ‘ಸಂರಕ್ಷಣೆ’ ತಾಣದಲ್ಲಿ ನಿಮ್ಮ ಸರ್ವೆ ನಂಬರು, ಬೆಳೆಯ ಹೆಸರು ಸರಿಯಾಗಿದೆಯೇ ಎಂದು ನೋಡಿಸಿಕೊಳ್ಳಿ. ನಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿದರೂ ನೋಡಿ ಹೇಳುತ್ತೇವೆ.

ಉಳಿತಾಯ ಖಾತೆಯ ದಂಡದ ವಿಷಯ ಚುಟುಕಾಗಿ ಹೇಳುವೆ. 2015ರ ಏಪ್ರಿಲ್‌ನಿಂದ ಜಾರಿಗೆ ಬಂದ ನಿಯಮದಂತೆ, ಕನಿಷ್ಠ ಮೊತ್ತ ಕಡಿಮೆಯಾದರೆ ಬ್ಯಾಂಕು ಮೊದಲು ನಿಮಗೆ ತಿಳಿಸಿ ಒಂದು ತಿಂಗಳ ಅವಕಾಶ ಕೊಡಬೇಕು. ದಂಡವು ಕೊರತೆಗೆ ತಕ್ಕಷ್ಟೇ ಇರಬೇಕು. ದಂಡ ಹಾಕಿ ಹಾಕಿ ಖಾತೆಯನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಬಾರದು. ಎರಡು ವರ್ಷ ವ್ಯವಹಾರವಿಲ್ಲದೆ ನಿಂತುಹೋದ ಖಾತೆಗೆ 2024ರ ಏಪ್ರಿಲ್ 1ರಿಂದ ಈ ದಂಡವೂ ಇಲ್ಲ, ಮತ್ತೆ ಚಾಲೂ ಮಾಡಲು ಶುಲ್ಕವೂ ಇಲ್ಲ. ಹಿಡಿದ ಹಣ ವಾಪಸು ಬರುವುದುಂಟೇ ಎಂದು ಅನುಮಾನಪಡುವವರಿಗೆ ಒಂದು ನಿದರ್ಶನ: ರುಪೇ ಕಾರ್ಡು ಮತ್ತು ಯುಪಿಐ ಮೂಲಕ ಮಾಡಿದ ವ್ಯವಹಾರಗಳಿಗೆ ಬ್ಯಾಂಕುಗಳು ಶುಲ್ಕ ಹಾಕಿದ್ದಾಗ, 2020ರ ಜನವರಿ 1ರಿಂದ ವಸೂಲು ಮಾಡಿದ್ದನ್ನೆಲ್ಲ ವಾಪಸು ಕೊಡಿ ಎಂದು ಕೇಂದ್ರ ಪ್ರತ್ಯಕ್ಷ ತೆರಿಗೆ ಮಂಡಳಿ ಅದೇ ವರ್ಷದ ಆಗಸ್ಟ್ 30ರಂದು ಸೂಚಿಸಿತು.

ಹಾಗೆಂದು ಕಡಿತವೆಲ್ಲ ಅನ್ಯಾಯವಲ್ಲ. ಕಾರ್ಡಿನ ವಾರ್ಷಿಕ ಶುಲ್ಕ, ಚೆಕ್ಕು ವಾಪಸಾದ ಶುಲ್ಕ ಮುಂತಾದವು ಬ್ಯಾಂಕಿನ ಪ್ರಕಟಿತ ಪಟ್ಟಿಯಲ್ಲಿದ್ದರೆ ಕೊಡಲೇಬೇಕು. ಪಟ್ಟಿ ತೋರಿಸಿ ಎಂದು ಕೇಳುವ ಹಕ್ಕು ಮಾತ್ರ ನಿಮ್ಮದು.

ಕೇಳುವ ಕ್ರಮ

ಮುಖ್ಯ ಅಡ್ಡಿ ಕಾನೂನಿನದಲ್ಲ, ಅಂಜಿಕೆಯದು. ‘ಇವತ್ತು ಜಗಳ ಆಡಿದರೆ ನಾಳೆ ಸಾಲ ನವೀಕರಿಸಲು ಅದೇ ಮ್ಯಾನೇಜರ ಮುಂದೆ ನಿಲ್ಲಬೇಕಲ್ಲ’ ಎನ್ನುತ್ತಾರೆ. ಈ ಅಂಜಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಒಂದನ್ನು ತಿಳಿಯಿರಿ. ಈಗಿನ ಕಡಿತಗಳಲ್ಲಿ ಹೆಚ್ಚಿನವು ಮ್ಯಾನೇಜರು ಕೈಯಾರೆ ಹಾಕಿದ್ದಲ್ಲ, ದೂರದ ಗಣಕಯಂತ್ರ ಹಾಕಿದ್ದು. ಅವರಿಗೂ ಅದು ಗೊತ್ತಿರುವುದಿಲ್ಲ. ನೀವು ಕೂಗಾಡಿದರೆ ಅವರು ಮರ್ಯಾದೆಗಾಗಿ ಯಂತ್ರದ ಪರ ನಿಲ್ಲಬೇಕಾಗುತ್ತದೆ. ಕಾಗದ ಕೊಟ್ಟರೆ ಮೇಲಿನ ಕಚೇರಿಗೆ ಕಳಿಸಲು ಅವರಿಗೂ ಒಂದು ಆಧಾರ ಸಿಗುತ್ತದೆ. ಒಬ್ಬರೇ ಹೋಗಲು ಹಿಂಜರಿಕೆಯಾದರೆ ಒಂದೇ ಬಗೆಯ ಕಡಿತವಾದ ನಾಲ್ಕೈದು ಮಂದಿ ಸೇರಿ ಹೋಗಿ, ಆದರೆ ಅರ್ಜಿ ಒಬ್ಬೊಬ್ಬರದೂ ಬೇರೆ ಇರಲಿ.

ಮೊದಲು ಸಾಲ ಮಂಜೂರಾದ ದಿನದಿಂದ ಇಂದಿನವರೆಗಿನ ಖಾತೆಯ ವಿವರ ಮತ್ತು ಮಂಜೂರಾತಿ ಪತ್ರದ ನಕಲನ್ನು ಬರೆದು ಕೇಳಿ. ಅದನ್ನು ಓದಬಲ್ಲವರೊಂದಿಗೆ ವಾಚನಾಲಯದಲ್ಲಿ ಕುಳಿತು ನೋಡಿ. ಬಡ್ಡಿ ಎಂದೆಂದು ಹಾಕಿದ್ದಾರೆ, ಮೂರು ತಿಂಗಳಿಗೊಮ್ಮೆ ಅಸಲು ಬೆಳೆದಿದೆಯೇ ಎಂಬುದು ತಾರೀಖಿನಿಂದಲೇ ತಿಳಿಯುತ್ತದೆ. ಆಮೇಲೆ ಅರ್ಜಿ. ಕನ್ನಡದಲ್ಲಿಯೇ ಬರೆಯಿರಿ, ಉದ್ದ ಬೇಡ. ‘ಮಾನ್ಯರೇ, ನನ್ನ ಇಂಥ ಸಂಖ್ಯೆಯ ಸಾಲದ ಖಾತೆಯಲ್ಲಿ ಇಂಥ ತಾರೀಖಿನಂದು ಇಷ್ಟು ರೂಪಾಯಿಯನ್ನು ಇಂಥ ಹೆಸರಿನಲ್ಲಿ ಖರ್ಚು ಹಾಕಲಾಗಿದೆ. ಇದನ್ನು ರಿಸರ್ವ್ ಬ್ಯಾಂಕಿನ ಯಾವ ನಿಯಮದಂತೆ, ನನ್ನ ಸಾಲಪತ್ರದ ಯಾವ ಷರತ್ತಿನಂತೆ ಹಾಕಲಾಗಿದೆ ಎಂಬುದನ್ನು ಲಿಖಿತವಾಗಿ ತಿಳಿಸಬೇಕು. ಆಧಾರವಿಲ್ಲದಿದ್ದಲ್ಲಿ ಹಾಕಿದ ದಿನದಿಂದಲೇ ಜಮಾ ಮಾಡಬೇಕು.’ ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಶಾಖೆಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ಹಾಕದಿದ್ದರೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ. ಬಾಯಿಮಾತಿನ ದೂರಿಗೆ ತಾರೀಖಿಲ್ಲ. ತಾರೀಖಿಲ್ಲದ ದೂರು ಮುಂದಕ್ಕೆ ಹೋಗುವುದಿಲ್ಲ.

30 ದಿನ ಕಾಯಿರಿ. ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ತಡಮಾಡದೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಬಹುದು. 2021ರ ನವೆಂಬರ್ 12ರಿಂದ ಇಡೀ ದೇಶದ ದೂರುಗಳು ಒಂದೇ ಕಡೆ ಸೇರುತ್ತವೆ. ಕಾಗದದ ಮೂಲಕವಾದರೆ ವಿಳಾಸ: ಸೆಂಟ್ರಲೈಸ್ಡ್ ರಿಸೀಟ್ ಅಂಡ್ ಪ್ರೊಸೆಸಿಂಗ್ ಸೆಂಟರ್, ರಿಸರ್ವ್ ಬ್ಯಾಂಕ್ ಆಫ್ ಇಂಡಿಯಾ, 4ನೇ ಮಹಡಿ, ಸೆಕ್ಟರ್ 17, ಚಂಡೀಗಢ 160017. ಚಂಡೀಗಢ ದೂರವೆಂದು ಹೆದರಬೇಡಿ, ನೀವು ಹೋಗಬೇಕಾಗಿಲ್ಲ. 14448 ಎಂಬ ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿ ವಿಚಾರಿಸಬಹುದು. ಶುಲ್ಕವಿಲ್ಲ. ಬ್ಯಾಂಕಿಗೆ ಮೊದಲು ಬರೆದ ಅರ್ಜಿಯ ನಕಲಿಲ್ಲದೆ ಹೋದರೆ ಮಾತ್ರ ದೂರು ತಿರಸ್ಕೃತವಾಗುತ್ತದೆ. ಮೊಹರಿನ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ. ಗ್ರಾಮೀಣ ಬ್ಯಾಂಕೂ ಈ ವ್ಯವಸ್ಥೆಗೆ ಒಳಪಟ್ಟಿದೆ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕುಗಳನ್ನು 2025ರ ನವೆಂಬರ್ 1ರಿಂದ ಸೇರಿಸಿದ್ದಾರೆ. ಊರಿನ ಪ್ರಾಥಮಿಕ ಸಹಕಾರ ಸಂಘ ಮಾತ್ರ ಹೊರಗಿದೆ. ಅದರ ದೂರಿಗೆ ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೇ ಹೋಗಬೇಕು.

ಗ್ರಾಹಕರ ಆಯೋಗ ಇನ್ನೊಂದು ಬಾಗಿಲು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಬ್ಯಾಂಕಿನ ಮುಖ್ಯ ಕಚೇರಿ ಎಲ್ಲಿಯೇ ಇರಲಿ, ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಸಾಲ ವ್ಯಾಪಾರದ ಉದ್ದೇಶದ್ದು ಎಂದು ಬ್ಯಾಂಕು ವಾದಿಸಬಹುದು; ಸ್ವಂತ ದುಡಿಮೆಯಿಂದ ಜೀವನ ಮಾಡುವುದಕ್ಕಾಗಿ ಪಡೆದದ್ದು ವ್ಯಾಪಾರವಲ್ಲವೆಂದು ಕಾಯಿದೆಯೇ ಹೇಳುತ್ತದೆ. ಆದರೆ ಎರಡು ವರ್ಷದೊಳಗೆ ಹೋಗಬೇಕು. ಈಗ 2012ರ ಕಡಿತವನ್ನು ಹಿಡಿದುಕೊಂಡು ಹೋದರೆ ಬಾಗಿಲು ಮುಚ್ಚಿರುತ್ತದೆ. ಸಾಲ ಇನ್ನೂ ಬಾಕಿಯಿದ್ದು ಬ್ಯಾಂಕೇ ವಸೂಲಿಗೆ ದಾವೆ ಹೂಡಿದರೆ ಆಗ ಚಕ್ರಬಡ್ಡಿಯ ಆಕ್ಷೇಪಣೆಯನ್ನು ಎತ್ತಬಹುದು. ಆ ಹಂತದಲ್ಲಿ ವಕೀಲರನ್ನು ಕಾಣುವುದು ಲೇಸು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಹರಿಗೆ ವಕೀಲರ ನೆರವು ಉಚಿತವಾಗಿ ದೊರೆಯುತ್ತದೆ.

ಕೊನೆಯದಾಗಿ ಹಳೆಯ ಪಾಸ್ ಪುಸ್ತಕಗಳ ವಿಷಯ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು 2020ರ ಅದೇ ದಿನ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಸೇರಿಹೋದವು. ಬ್ಯಾಂಕಿನ ಹೆಸರೇ ಹೋಯಿತೆಂದು ಆ ಪುಸ್ತಕಗಳನ್ನು ಬಿಸಾಡಿದವರಿದ್ದಾರೆ. ಸಾಲವು ಹೊಸ ಬ್ಯಾಂಕಿಗೆ ಹೋದಂತೆ ಅದರ ಹೊಣೆಯೂ ಹೋಗಿದೆ. ಹಳೆಯ ಖಾತೆಯ ಮೂಲ ಮೊತ್ತ, ಮೂಲ ದರ, ನೀವು ಕಟ್ಟಿದ ತಾರೀಖು ಇವುಗಳಿಗೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಆ ಪುಸ್ತಕ ಮತ್ತು ಚಲನ್ ಚೂರುಗಳೇ. ಪಹಣಿ, ಕಂದಾಯ ರಸೀದಿ ಇಟ್ಟ ಪೆಟ್ಟಿಗೆಯಲ್ಲಿಯೇ ಅವುಗಳನ್ನೂ ಇಟ್ಟಿರಿ.